ಗೋಡೆಯಾಚೆಯ ಮಂಡಿನೋವು

ಊಟಕ್ಕೆ ಮುಂಚೆ ನಾನು ಮಾಡುವ ಪ್ರಾರ್ಥನೆಯ ದನಿ ಕೊಂಚ ಜೋರು. "ದೇವರಿಗೇನು ಕಿವಿ ಮಂದವೇ?" ಎಂದು ನನ್ನಾಕೆ ಕೇಳುತ್ತಾಳೆ. ಚಳ್ಳಕೆರೆಯ ಈ ಮನೆಗೆ ಬಂದ ಹೊಸದರಲ್ಲಿ, ಗಂಡಹೆಂಡಿರ ಜಗಳವಿರಬೇಕೆಂದು ಪಕ್ಕದ ಮನೆಯವರು ಬಾಗಿಲು ತಟ್ಟಿದ್ದೂ ಉಂಟು. ಇದಕ್ಕೆಲ್ಲ ಕಾರಣ ಮೊಳಕಾಲ್ಮೂರಿನ ಒಂದು ಮಣ್ಣಿನ ಗೋಡೆ.

ತೊಂಬತ್ತರ ದಶಕದ ಮಾತು. ನಮ್ಮಪ್ಪ ಸಮಾಧಾನಪ್ಪ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಿದ್ದರು. ಹೆಸರಿನಲ್ಲಿದ್ದಷ್ಟು ಸಮಾಧಾನ ಸ್ವಭಾವದಲ್ಲಿರಲಿಲ್ಲ. ಎಳೆಯೊಂದು ಹರಿದರೆ ಮನೆಮಂದಿಯೆಲ್ಲ ನಡುಗಬೇಕು. ಆದರೆ ತಟ್ಟೆಯ ಮುಂದೆ ಕೂತು ಕೈ ಜೋಡಿಸಿದರೆಂದರೆ ಬೇರೆಯೇ ಮನುಷ್ಯ. ಪಂಡಿತರಿಗೆ ಸ್ತೋತ್ರವೆಂದರೆ ಹೊಗಳಿಕೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಅದು ಹೊಗಳಿಕೆಯೂ ಹೌದು, ಉಪಕಾರಸ್ಮರಣೆಯೂ ಹೌದು, ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರವೂ ಹೌದು. ಅಪ್ಪ ಮುದ್ದೆಗೆ ಸ್ತೋತ್ರ, ಸಾರಿಗೆ ಸ್ತೋತ್ರ, ಮಗ್ಗಕ್ಕೆ ಸ್ತೋತ್ರ ಎನ್ನುತ್ತಾ ನಿಧಾನವಾಗಿ ಸಾಗಿ, ಕೊನೆಗೆ "ಗೋಡೆ ಆಚೆ ತಿಪ್ಪಮ್ಮಕ್ಕನ ಮಂಡಿನೋವು ವಾಸಿ ಮಾಡಪ್ಪಾ" ಎಂದು ಮುಗಿಸುತ್ತಿದ್ದರು. ಅಷ್ಟರಲ್ಲಿ ಮುದ್ದೆ ಆರಿ ಗಟ್ಟಿಯಾಗಿರುತ್ತಿತ್ತು. ಬಿಸಿ ಮುದ್ದೆ ತಿನ್ನುವ ಭಾಗ್ಯ ನಮಗೆ ನೆಂಟರ ಮನೆಯಲ್ಲಿ ಮಾತ್ರ.

ತಿಪ್ಪಮ್ಮಕ್ಕ ಪಕ್ಕದ ಮನೆಯವರು, ಅಪ್ಪನಿಗಿಂತ ಹಿರಿಯರು, ಶಿವನಿಗೆ ದೀಪ ಹಚ್ಚದೆ ನೀರು ಮುಟ್ಟದವರು. ಎರಡೂ ಮನೆಗೆ ಒಂದೇ ಗೋಡೆ, ಅದೂ ಸೂರಿನ ತನಕ ಮುಟ್ಟಿರಲಿಲ್ಲ. ಗೋಡೆಗೂ ಕಿವಿಯಿದೆ ಎಂದು ಹಿರಿಯರು ಹೇಳಿದ್ದು ಗುಟ್ಟು ಮಾತಾಡುವವರನ್ನು ಹೆದರಿಸಲು. ಆ ಕಿವಿಯಿಂದ ಉಪಕಾರವೂ ಆದೀತೆಂದು ಅವರಿಗೆ ಹೊಳೆದಂತಿಲ್ಲ.

ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು, ಮಾತು ಉಳಿದವು, ಬಲಗೈ ಹೋಯಿತು. ಮಗ್ಗ ನಿಂತಿತು. ಅವ್ವ ಬೇರೆಯವರ ಮನೆಗಳಿಗೆ ರೇಷ್ಮೆ ಎಳೆ ಸುತ್ತಲು ಹೋಗತೊಡಗಿದಳು. ಅಪ್ಪ ಆಸ್ಪತ್ರೆಯಿಂದ ಬಂದ ದಿನ ನಾವು ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕಾದೆವು.

"ಕೈಯೇ ಜೋಡ್ಸಕ್ಕಾಗಲ್ಲ, ಏನಂತ ಸ್ತೋತ್ರ ಹೇಳ್ಲಿ? ಉಣ್ರಿ" ಎಂದರು ಅಪ್ಪ.

ಅಂದು ನಮ್ಮ ಮನೆಯಲ್ಲೇ ಬಿಸಿ ಮುದ್ದೆ ಸಿಕ್ಕಿತು. ಯಾರೂ ಎರಡನೇ ತುತ್ತು ಮುರಿಯಲಿಲ್ಲ. ಅವ್ವ ಬೇಡಿಕೊಂಡಳು, ಚರ್ಚಿನ ಪಾದ್ರಿ ಅಯ್ಯನವರು ಬಂದು ಬುದ್ಧಿ ಹೇಳಿದರು. ಅಪ್ಪ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಕೈ ಹೋದ ಹಾಗೆ ಅಪ್ಪನೂ ಹೋಗಿಬಿಡುತ್ತಾರೇನೋ ಎಂದು ನನಗೆ ಹೆದರಿಕೆಯಾಗಿತ್ತು.

ಹೀಗೆ ದಿನಗಳು ಸಾಗುತ್ತಿರುವಾಗ ಒಂದು ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ, ತಿಪ್ಪಮ್ಮಕ್ಕ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತರು.

"ಅಲ್ಲ ಕಣೋ ಸಮಾಧಾನಪ್ಪ, ನಿನಗೂ ನಿನ್ ದೇವ್ರಿಗೂ ಜಗಳ ಇದ್ರೆ ನೀವೇ ಬಗೆಹರಿಸ್ಕಳ್ರಿ. ನಡುವೆ ನನ್ ಮಂಡಿ ಏನ್ ಪಾಪ ಮಾಡಿತ್ತು?"

ಅಪ್ಪ ತಬ್ಬಿಬ್ಬಾದರು. "ಇಷ್ಟು ವರ್ಷ ಕೇಳ್ದೆ, ನೋವು ಹಂಗೇ ಐತಲ್ಲಕ್ಕಾ?"

"ಐತೆ, ಇರ್ಲಿ ಬಿಡು. ನನ್ ಹೆಸರು ಹಿಡಿದು ದೇವ್ರತ್ರ ಕೇಳೋರು ಈ ಊರಾಗೆ ಇನ್ಯಾರವ್ರೆ? ಅದನ್ನ ಕೇಳಿಸ್ಕಂಡೇ ನಾನು ಉಣ್ಣಾಕೆ ಕೂರ್ತಿದ್ದೆ. ಈಗ ಉಂಡಿದ್ದು ಮೈಗೆ ಹತ್ತಂಗಿಲ್ಲ. ಹೇಳು, ನೀನು ಹೇಳೋ ಗಂಟ ಇಲ್ಲೇ ಕುಂತಿರ್ತೀನಿ."

ಮಂಡಿನೋವಿನವರು ನೆಲದ ಮೇಲೆ ಕೂರುವುದೆಂದರೆ ಸಣ್ಣ ಮಾತಲ್ಲ. "ಅಯ್ಯೋ ದೇವುಡಾ" ಎಂದು ನರಳುತ್ತಾ, ಗೋಡೆ ಹಿಡಿದು, ಕೂತೇಬಿಟ್ಟರು. ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎಡಗೈ ಇಟ್ಟರು. ಆ ದಿನ ಪ್ರಾರ್ಥನೆ ಶುರುವಾದದ್ದೇ ತಿಪ್ಪಮ್ಮಕ್ಕನ ಮಂಡಿಯಿಂದ. ಆಮೇಲೆ ಅವ್ವನ ದುಡಿಮೆ, ಮುದ್ದೆ, ಸಾರು. ಕೊನೆಗೆ ತಡವರಿಸುತ್ತಾ, "ಉಳಿಸಿರೋ ಈ ಎಡಗೈಗೂ ಸ್ತೋತ್ರ" ಎಂದರು. ಪ್ರಾರ್ಥನೆಯ ನಡುವೆ ಕಣ್ಣು ತೆರೆಯುವುದು ನನ್ನ ಹಳೆಯ ಚಾಳಿ. ನೋಡಿದರೆ ಅವ್ವ ಅಳುತ್ತಿದ್ದಳು. ತಿಪ್ಪಮ್ಮಕ್ಕ ನಮ್ಮೆಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದರು. ಮುದ್ದೆ ಎಂದಿಗಿಂತ ಗಟ್ಟಿಯಾಗಿತ್ತು. ಅಂಥ ರುಚಿಯ ಮುದ್ದೆಯನ್ನು ಮತ್ತೆ ನಾನು ತಿಂದಿಲ್ಲ.

ಅಪ್ಪನ ಕೈ ಸರಿಹೋಗಲಿಲ್ಲ, ತಿಪ್ಪಮ್ಮಕ್ಕನ ಮಂಡಿಯೂ ವಾಸಿಯಾಗಲಿಲ್ಲ. ಕೃಪೆ ಎಂದರೇನೆಂದು ಯಾರಾದರೂ ಕೇಳಿದರೆ ನನಗೆ ದೊಡ್ಡ ಮಾತು ಬರುವುದಿಲ್ಲ. ಗೋಡೆ ಹಿಡಿದು ನರಳುತ್ತಾ ಕೂತ ಆ ಹಿರಿಯ ಜೀವ ನೆನಪಾಗುತ್ತದೆ.

ಈಗಿನ ಮನೆಗಳದು ಸಿಮೆಂಟ್ ಗೋಡೆ, ಅದಕ್ಕೆ ಕಿವಿ ಕೊಂಚ ಮಂದ. ಪಕ್ಕದ ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆಯಂತೆ. ಅವರ ಹೆಸರು ಬಂದಾಗ ನಾನು ದನಿಯನ್ನು ಇನ್ನೂ ಒಂದು ಚೂರು ಏರಿಸುತ್ತೇನೆ.