ಫಹ್ಮಿದಾಕ್ಕನ ಬೆರಳು ಹೊಕ್ಕ ಬೂಷ್ಟು

ಶಿವಾಜಿನಗರದಲ್ಲಿ ದರ್ಗಾಕ್ಕೆ ಹೊದಿಸುವ ಹೂವಿನ ಚಾದರ ಕಟ್ಟುವವರು ಎಷ್ಟೋ ಜನರಿದ್ದಾರೆ. ಫಹ್ಮಿದಾಕ್ಕನಂತೆ ಕಟ್ಟುವವರನ್ನು ಮಾತ್ರ ನಾನು ಕಂಡಿಲ್ಲ. ನಾನು ಭಾಗ್ಯಲಕ್ಷ್ಮಿ, ಅವಳ ಪಕ್ಕದಲ್ಲೇ ಕೂತು ಮಲ್ಲಿಗೆ ಕಟ್ಟುವವಳು, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಗುಲಾಬಿಯ ಮುಳ್ಳನ್ನು ಅವಳು ಬರಿಗೈಯಲ್ಲಿ ಸವರಿ ಹಾಕುತ್ತಿದ್ದಳು. ಚುಚ್ಚಿದರೆ, ಗುಲಾಬಿಯ ಕಂತೆಗೆ ಸುತ್ತಿ ಬಂದ ಒದ್ದೆ ಹುಲ್ಲನ್ನೇ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ತಂಪಂತೆ! ನಾವೆಲ್ಲರೂ ಹಾಗೇ ಮಾಡುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಅವಳ ತೋರುಬೆರಳಲ್ಲಿ ಗಂಟೊಂದು ಎದ್ದು ಒಡೆಯಿತು. ಆಮೇಲೆ ಮಣಿಕಟ್ಟಿನ ಮೇಲೊಂದು, ಮೊಣಕೈ ಹತ್ತಿರ ಇನ್ನೊಂದು, ಹೀಗೆ ಸಾಲಾಗಿ ಏರತೊಡಗಿದವು. ಮುಲಾಮು, ಮಾತ್ರೆ ಯಾವುದೂ ನಾಟಲಿಲ್ಲ. ಬೆರಳು ತೆಗೆಯಬೇಕಾಗಬಹುದು ಎಂದು ಒಬ್ಬ ವೈದ್ಯರು ಅಂದದ್ದೇ ತಡ, ಅವಳು ನೇರ ನನ್ನ ಹತ್ತಿರ ಬಂದಳು.

"ಬೆರಳು ಹೋದ್ರೆ ನಾನ್ಯಾರು ಭಾಗ್ಯ?" ಅಂದಳು.

ನನಗೆ ಸಿಟ್ಟು ಬಂತು. "ಬಿಡ್ತು ಅನ್ನಕ್ಕ! ನಡಿ, ದೊಡ್ಡಾಸ್ಪತ್ರೆಗೆ ಹೋಗೋಣ" ಎಂದು ಎಳೆದುಕೊಂಡು ಹೋದೆ.

ಅಲ್ಲಿನ ಡಾಕ್ಟರ್ ಪೂಜಿತಾ ಗಂಟಿನಿಂದ ಚೂರು ತೆಗೆದು ಎರಡು ಕೊಳವೆಗಳಲ್ಲಿ ಬೆಳೆಸಿದರು. ಒಂದನ್ನು ತಣ್ಣಗಿಟ್ಟು, ಇನ್ನೊಂದನ್ನು ಮೈಬಿಸಿಯಷ್ಟೇ ಬೆಚ್ಚಗಿಟ್ಟು. ವಾರಗಳಾದ ಮೇಲೆ ನಮ್ಮನ್ನು ಕರೆಸಿ ತೋರಿಸಿದರು. ತಣ್ಣಗಿದ್ದುದರಲ್ಲಿ ಕಪ್ಪು ಬೂಷ್ಟು, ಬೆಚ್ಚಗಿದ್ದುದರಲ್ಲಿ ಕೆನೆಯಂಥ ಅಂಟು.

"ಎರಡೂ ಒಂದೇ ಜೀವ ಕಣಮ್ಮ. ಒದ್ದೆ ಹುಲ್ಲಲ್ಲಿ ಎಳೆಎಳೆ ಬೂಷ್ಟಾಗಿರುತ್ತೆ. ಗಾಯದಿಂದ ಒಳಗೆ ಹೋದ್ರೆ ನಿಮ್ಮ ಬಿಸಿಗೆ ಮೊಟ್ಟೆ ಆಕಾರದ ಕಣ ಆಗ್ಬಿಡುತ್ತೆ."

"ವೇಷ ಹಾಕುತ್ತಾ ಮೇಡಂ?" ಎಂದೆ.

"ಬರೀ ವೇಷ ಅಲ್ಲ. ಇದರ ಕಣಗಳ ಸುತ್ತ ಇರೋ ಗೋಡೆ ಕಟ್ಟಿರೋದೇ ಸಕ್ಕರೆಯ ಸರಗಳಿಂದ. ಸೀಗಡಿ ಸಿಪ್ಪೆಯಲ್ಲಿರೋ ಕೈಟಿನ್ ಕೂಡ ಇದರಲ್ಲಿದೆ. ರೂಪ ಬದಲಾದ್ರೆ ಹೊರಗಿನ ಸಕ್ಕರೆಗಳ ಜೋಡಣೆನೂ ಬದಲಾಗುತ್ತೆ."

ಡಾಕ್ಟರ್ ಕಪ್ಪು ಬೂಷ್ಟಿನ ಚೂರಿಟ್ಟ ಸೂಕ್ಷ್ಮದರ್ಶಕಕ್ಕೆ ಫಹ್ಮಿದಾಕ್ಕ ಕಣ್ಣಿಟ್ಟಳು. "ಯಾ ಅಲ್ಲಾ! ಇದೂ ಹೂ ಕಟ್ಟುತ್ತಲ್ಲೇ, ಭಾಗ್ಯ!"

ನಾನೂ ಬಗ್ಗಿದೆ. ಎಳೆಯ ತುದಿಯಲ್ಲಿ ಪುಟ್ಟ ಕಾಳುಗಳು ಎಸಳುಗಳಂತೆ ಕೂತಿದ್ದವು. ಕಣ್ಣಿಗೇ ಕಾಣದ ಒಂದು ಜೀವ ಸಕ್ಕರೆಯಿಂದ ಮನೆ ಕಟ್ಟಿ, ಬಿಸಿ ತಾಗಿದರೆ ಅದನ್ನೇ ಬೇರೆ ಥರ ಕಟ್ಟಿಕೊಳ್ಳುತ್ತದಲ್ಲ! ಅದಕ್ಕೆ ಚೆನ್ನಾಗಿ ಶಾಪ ಹಾಕಬೇಕೆಂದು ಬಂದಿದ್ದೆ, ಇನ್ನೊಮ್ಮೆ ಬಗ್ಗಿ ನೋಡಿದೆ.

"ಮೇಡಂ, ನನ್ನ ಬೆರಳು?" ಫಹ್ಮಿದಾಕ್ಕ ಮೆಲ್ಲಗೆ ಕೇಳಿದಳು.

"ಉಳಿಯುತ್ತೆ. ಗೋಡೆಯ ಒಳಗಿನ ಪೊರೆಯಲ್ಲಿ ಇದಕ್ಕೊಂದು ಥರ ಕೊಬ್ಬು ಬೇಕು, ನಮ್ಮ ಮೈಯಲ್ಲಿ ಅದಿಲ್ಲ. ನಾನು ಕೊಡೋ ಮಾತ್ರೆ ಆ ಕೊಬ್ಬು ತಯಾರಾಗದ ಹಾಗೆ ಮಾಡುತ್ತೆ, ಆಗ ಇದು ಬೆಳೆಯೋಕಾಗಲ್ಲ. ತಿಂಗಳುಗಟ್ಟಲೆ ತಗೋಬೇಕು. ಗಾಯಕ್ಕೆ ಹುಲ್ಲು ಮಾತ್ರ ಕಟ್ಬೇಡಿ."

ಅವಳು ಅಲ್ಲೇ ಅತ್ತಳು. ನಾನೂ ಅತ್ತೆ, ಏನೀಗ?

ಗಂಟುಗಳು ಒಣಗಿದ ಮೇಲೆ ಅವಳು ಕಟ್ಟಿದ ಮೊದಲ ಚಾದರಕ್ಕೆ ಗಿರಾಕಿಗಳು ಮುಗಿಬಿದ್ದರು. ಯಾರಿಗೂ ಕೊಡಲಿಲ್ಲ. ಇಷ್ಟು ವರ್ಷ ಊರವರ ಹರಕೆಗೆ ಕಟ್ಟಿದವಳು, ಅಂದು ತಾನೇ ಹೊತ್ತುಕೊಂಡು ದರ್ಗಾಕ್ಕೆ ಹೋಗಿಬಂದಳು.

"ಏನಕ್ಕ ಬೇಡ್ಕೊಂಡೆ?" ಎಂದು ಕೆಣಕಿದೆ.

"ಬೇಡೋದೇನಿದೆ? ಕೈ ತೋರ್ಸಿ ಬಂದೆ."