ಚಿತ್ರದ ಕೆನ್ನೆಗೆ ಕಾಡಿಗೆ ಬೊಟ್ಟು

ಕಲ್ಮೇಶ್ ಅಂಕಲ್ ಯಾರ ಮನೆಗೆ ಊಟಕ್ಕೆ ಹೋದರೂ ಒಳಗೆ ಬರುವುದು ಎಲ್ಲರಿಗಿಂತ ಕೊನೆಗೆ. ಡ್ರೈವ್‌ವೇಯಲ್ಲಿ ನಿಂತ ಕಾರುಗಳನ್ನೆಲ್ಲ ಫೋನಿನ ಬೆಳಕು ಬಿಟ್ಟು ನೋಡಿ ಮುಗಿಸಿದ ಮೇಲೆಯೇ ಅವರಿಗೆ ಹಸಿವು. ವಾರೆನ್ ಊರಿನ ಕಡೆಯ ಕಾರ್ಖಾನೆಯೊಂದರಲ್ಲಿ ಕಾರಿನ ಹೊಸ ಬಣ್ಣದ ಮೇಲೆ ಕೂತ ಧೂಳಿನ ಕಣ ಹುಡುಕುವುದೇ ಅವರ ನೌಕರಿಯಾಗಿತ್ತು. ನಿವೃತ್ತಿಯಾದರೂ ಕಣ್ಣು ಕೇಳಬೇಕಲ್ಲ! ಒಮ್ಮೆ ಗಣೇಶನ ಹಬ್ಬದ ಪಂಕ್ತಿಯಲ್ಲಿ, "ಸುರೇಶ, ನಿನ್ನ ಬಂಪರಿಗೆ ಹೊಸಾ ಬಣ್ಣ ಹೊಡಿಸೀಯಲ್ಲೋ. ಎಲ್ಲಿ ಗುದ್ದಿದಿ?" ಎಂದು ಕೇಳಿಬಿಟ್ಟರು. ಸುರೇಶನ ಹೆಂಡತಿಗೆ ಆ ಸುದ್ದಿ ತಿಳಿದದ್ದೇ ಆಗ.

ಆಮೇಲೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಬಂದು ಅವರ ಪಕ್ಕದ ನೋಟ ಹೋಯಿತು. ಎದುರಿನ ಚುಕ್ಕೆ ಕಾಣುತ್ತದೆ, ಪಕ್ಕದಿಂದ ಬರುವ ಟ್ರಕ್ಕು ಕಾಣುವುದಿಲ್ಲ. ಡ್ರೈವಿಂಗ್ ಬಿಟ್ಟು ಮನೆಯಲ್ಲಿ ಕೂತವರು ರೊಟ್ಟಿಯ ಮೇಲಿನ ಚುಕ್ಕೆಗಳನ್ನು ತೋರಿಸತೊಡಗಿದಾಗ, ಹೆಂಡತಿ ಶಾರದ ಆಂಟಿ ಅವರನ್ನು ಲಿವೋನಿಯಾ ಊರಿನ ಒಂದು ಪುಟ್ಟ ಚಿತ್ರ ಗ್ಯಾಲರಿಗೆ ಕರೆದೊಯ್ದು, ವಾಲಂಟಿಯರ್ ಕಾವಲುಗಾರನ ಕುರ್ಚಿಯಲ್ಲಿ ಕೂರಿಸಿ ಬಂದರು.

ಆ ಕುರ್ಚಿ ಅಂಕಲ್‌ಗೆ ಜೀವ ತಂದಿತು. ಶನಿವಾರ ಯಾವಾಗ ಬಂದೀತೆಂದು ಕಾಯುವರು. ಯಾರೋ ಫ್ರೇಮಿನ ಅಡಿಗೆ ಚ್ಯೂಯಿಂಗ್ ಗಮ್ ಅಂಟಿಸಿ ಹೋದಾಗ ಗ್ಯಾಲರಿಯ ಸಮಿತಿಯ ಮುಂದೆ ನಿಂತು ಒಂದು ನಿಯಮ ಮಾಡಿಸಿದರು: ಕಲಾಕೃತಿ ಮುಟ್ಟಿದವರಿಗೆ ಒಂದು ವರ್ಷ ಪ್ರವೇಶವಿಲ್ಲ, ಹೊರಗೆ ಕಾರು ನಿಲ್ಲಿಸುವ ಪಾರ್ಕಿಂಗ್ ಲಾಟಿಗೂ ಇಲ್ಲ. ಮಕ್ಕಳಿರಲಿ, ನೆಂಟರಿರಲಿ, ಕಾವಲುಗಾರರೇ ಇರಲಿ.

ಗ್ಯಾಲರಿ ನೋಡಿಕೊಳ್ಳುವ ಅನಿಕಾ ಇಲ್ಲೇ ಹುಟ್ಟಿ ಬೆಳೆದ ಹುಡುಗಿ. "ಅಂಕಲ್, ದಿಸ್ ಈಸ್ ಟೂ ಮಚ್" ಅಂದಳು.

"ನ್ಯಾಯ ಅರ್ಧಾಮರ್ಧಾ ಇರೂದಿಲ್ಲವ್ವಾ" ಅಂದರು ಅಂಕಲ್.

ಆ ಚಳಿಗಾಲದಲ್ಲಿ ಮಿಸೆಸ್ ನೊವಾಕ್ ಎಂಬ ಕಲಾವಿದೆ ತಮ್ಮ ಮೊಮ್ಮಗಳ ಚಿತ್ರ ತೂಗುಹಾಕಿದರು. ದುಂಡು ಕೆನ್ನೆ, ಹಲ್ಲಿಲ್ಲದ ನಗು. ಬಂದವರೆಲ್ಲ ಅದರೆದುರು ನಿಂತುಬಿಡುವರು. ಒಂದು ಶನಿವಾರ ಮಧ್ಯಾಹ್ನ ಆ ಕೆನ್ನೆಯ ಮೇಲೆ ಕಪ್ಪು ಬೊಟ್ಟು ಕಾಣಿಸಿತು. ಅಂಕಲ್ ಬಾಗಿಲು ಹಾಕಿಸಿ, ಒಳಗಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಬೆರಳು ತೋರಿಸಿ" ಎಂದರು. ಊಟದ ಡಬ್ಬಿ ತಂದಿದ್ದ ಆಂಟಿಯೂ ಸಾಲಿನಲ್ಲಿ ನಿಂತಿದ್ದರು. ಸರದಿ ಬಂದಾಗ ಕೈ ಚಾಚಿದರು. ಬೆರಳ ತುದಿ ಕಪ್ಪಗಿತ್ತು.

"ನೀನ?"

"ನಾನ. ನಿಮ್ಮ ಮಗ್ಗಲದಾಗ ನಿಂತ ಹಚ್ಚೀನಿ, ನಿಮಗ ಕಾಣಲಿಲ್ಲ."

"ಯಾಕ ಹಚ್ಚಿದಿ?"

"ಮುಂಜಾನಿಂದ ಸಂಜಿತನಕಾ ಮಂದಿ ಅದನ್ನ ನೋಡಾಕಂತನ ಬರ್ತಾರ. ಅಂಥಾ ಚೆಂದನ ಕೂಸಿಗೆ ದೃಷ್ಟಿ ಆಗೂದಿಲ್ಲೇನ್ರಿ? ಇಷ್ಟ ಮಂದ್ಯಾಗ ಒಬ್ಬರಿಗರ ಕಾಡಿಗಿ ಹಚ್ಚೂ ಬುದ್ಧಿ ಬ್ಯಾಡಾ?"

ಮರುದಿನ ಸಮಿತಿ ಸೇರಿತು. ಅನಿಕಾ ದೃಷ್ಟಿ ಬೊಟ್ಟಿನ ಅರ್ಥ ಬಿಡಿಸಿ ಹೇಳಿದಾಗ ಮಿಸೆಸ್ ನೊವಾಕ್ ಕಣ್ಣು ಒರೆಸಿಕೊಂಡು ಆಂಟಿಯನ್ನು ತಬ್ಬಿಕೊಂಡರು. ಬೊಟ್ಟು ಅಲ್ಲೇ ಇರಲಿ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಮಿತಿಯಲ್ಲಿದ್ದ ಹ್ಯಾರಲ್ಡ್ ಎಂಬ ಕಲಾವಿದ, "ಹಾಗಾದರೆ ನಮ್ಮ ಚಿತ್ರಗಳಿಗೆ ಯಾಕೆ ಹಚ್ಚಲಿಲ್ಲ?" ಎಂದು ಕೇಳಿದ.

ಆಂಟಿ ಗೋಡೆಯುದ್ದಕ್ಕೂ ಕಣ್ಣಾಡಿಸಿ ಅನಿಕಾಳ ಕಿವಿಯಲ್ಲಿ, "ಅವಕ್ಕ ಯಾರ ದೃಷ್ಟಿನೂ ಆಗೂದಿಲ್ಲ ಬಿಡವ್ವಾ" ಅಂದರು. ಏನಂದರು ಎಂದು ಹ್ಯಾರಲ್ಡ್ ಕೇಳಿದ. ಅನಿಕಾ ಇದ್ದದ್ದು ಇದ್ದಹಾಗೆ ಹೇಳಿದಳು.

ಹಾಳಾದ ಚಿತ್ರದವರು ಕ್ಷಮಿಸಿದ್ದರು. ಈಗ ಹಾಳಾಗದ ಚಿತ್ರದವರಿಗೆಲ್ಲ ನ್ಯಾಯ ಬೇಕಾಯಿತು. ಹ್ಯಾರಲ್ಡ್ ನಿಯಮವನ್ನು ಗಟ್ಟಿಯಾಗಿ ಓದಿ, "ಶಿಕ್ಷೆಗೆ ಒಪ್ಪುವವರು ಕೈ ಎತ್ತಿ" ಎಂದ. ಎತ್ತಿದವರೆಲ್ಲ ಅಂಕಲ್ ಕಡೆ ನೋಡಿದರು. ಆಂಟಿ ಲಾಟಿನೊಳಗೆ ಬರುವಂತಿಲ್ಲವೆಂದರೆ ಅಂಕಲ್‌ರನ್ನು ಕಾರಿನಲ್ಲಿ ಕರೆತರುವವರು ಯಾರು? ಕುರ್ಚಿ ಹೋದ ಹಾಗೆಯೇ. ಅಂಕಲ್ ನಿಧಾನವಾಗಿ ಕೈ ಎತ್ತಿದರು.

"ಭಾಳ ಛಲೋ ಆತು," ಕಾರಿನಲ್ಲಿ ಆಂಟಿ ಅಂದರು. "ಇನ್ನ ಹೆಂಗ ಬರ್ತೀರಿ? ಹಾರಿಕೋಂತ?"

ಆದರೆ ಮುಂದಿನ ಶನಿವಾರ ಅವರೇ ರಸ್ತೆಯಾಚೆಯ ಡೋನಟ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಗಂಡನ ಕೈ ಹಿಡಿದು ರಸ್ತೆ ದಾಟಿಸಿ, ಲಾಟಿನ ಅಂಚಿಗೆ ಬಂದು ಕೈ ಬಿಟ್ಟರು. ಉಳಿದಷ್ಟು ದೂರ ಅಂಕಲ್ ಹಿಮದಲ್ಲಿ ಒಬ್ಬರೇ. ಚಳಿಗಾಲವೆಲ್ಲ ಹೀಗೇ ನಡೆಯಿತು.

ವಸಂತದಲ್ಲಿ ಹೊಸ ಪ್ರದರ್ಶನ ಶುರುವಾಯಿತು. ಹ್ಯಾರಲ್ಡ್ ಬರೆದ ಪೇರ್ ಹಣ್ಣಿನ ಚಿತ್ರದ ಮೇಲೊಂದು ಕಪ್ಪು ಬೊಟ್ಟು! ಅಂಕಲ್ ತಕ್ಷಣ ಆಂಟಿಗೆ ಫೋನ್ ಮಾಡಿದರು.

"ಒಳಗ ಬಂದಿದ್ದೇನು?"

"ಇಲ್ರೀ. ಇಲ್ಲೇ ಅಂಗಡ್ಯಾಗ ಕಾಫಿ ಕುಡಿಯಾಕತ್ತೀನಿ."

ಬೊಟ್ಟು ಕಾಡಿಗೆಯದಾದರೆ ಎಲ್ಲರೂ ಹೆಂಡತಿಯನ್ನೇ ಅನ್ನುತ್ತಾರೆ. ಬಾಗಿ ನೋಡಿದರು, ತಿಳಿಯಲಿಲ್ಲ. ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ಬೆರಳ ತುದಿಯಿಂದ ಮೆಲ್ಲಗೆ ಸವರಿದರು. ಬೆರಳಿಗೆ ಏನೂ ಹತ್ತಲಿಲ್ಲ. ಒಣಗಿದ ಬಣ್ಣ. ಹ್ಯಾರಲ್ಡ್ ತಾನೇ ತನ್ನ ಹಣ್ಣಿಗೆ ಬೊಟ್ಟು ಇಟ್ಟುಕೊಂಡಿದ್ದ. ಅಂಕಲ್‌ಗೆ ನಗು ಬಂತು. ಆಮೇಲೆ ತಮ್ಮ ಬೆರಳು ಎಲ್ಲಿದೆಯೆಂದು ಕಂಡಿತು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕುರ್ಚಿಯ ಮೇಲಿನ ಟೋಪಿ ಎತ್ತಿಕೊಂಡು ಅನಿಕಾಳ ಮೇಜಿನ ಬಳಿ ಹೋಗಿ, ಚಿತ್ರ ಮುಟ್ಟಿದೆನೆಂದು ಹೇಳಿ ಬೆರಳು ತೋರಿಸಿದರು.

"ಅಂಕಲ್, ನೋಬಡಿ ಸಾ! ಯಾರೂ ನೋಡಿಲ್ಲ!"

"ನಾ ನೋಡೀನಲ್ಲವ್ವಾ."

ಲಾಟಿನ ಅಂಚಿನಲ್ಲಿ ನಿಂತು ಕೈ ಬೀಸಿದಾಗ ಆಂಟಿ ರಸ್ತೆ ದಾಟಿ ಬಂದರು. "ಯಾಕ್ರೀ, ಇಷ್ಟ ಲಗೂ?"

"ವರ್ಷದ ರಜಾ ಸಿಕ್ಕೈತಿ."

ಅಂಗಡಿಯಲ್ಲಿ ಆಂಟಿ ಅವರ ಮುಂದೆ ಒಂದು ಡೋನಟ್ ಇಟ್ಟರು. ಅಂಕಲ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ ನೋಡಿದರು.

"ಈ ಕಡೆ ಸಕ್ಕರಿ ತೆಳ್ಳಗ ಹಚ್ಚ್ಯಾರ."

"ಸುಮ್ಮನ ತಿನ್ರಿ."