ಕೌದಿಯ ಮೇಲೆ ಕುಳಿತ ಯಂತ್ರ

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಭೂಕಂಪದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಗುಜರಾತಿನಲ್ಲಿ ಭೂಮಿ ನಡುಗಿ ಎರಡೋ ಮೂರೋ ವರ್ಷವಾಗಿತ್ತು. ಹೀಗಾಗಿ ಬ್ಯಾಡಗಿಯಲ್ಲಿ ಆಕೆಯನ್ನು ಕಂಡವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ನಮ್ಮ ಕಡೆ ಯಾವಾಗ ಆಗ್ತೈತ್ರಿ?"

"ಯಾವಾಗ ಅನ್ನೂದು ಯಾರಿಗೂ ಗೊತ್ತಿಲ್ರಿ. ದೂರ ಎಲ್ಲೋ ಆದ್ರ ಇಲ್ಲಿ ನೆಲ ಎಷ್ಟು ಜೋರ ಅಲಗ್ತೈತಿ, ಅದನ್ನ ಮೊದಲ ಲೆಕ್ಕಾ ಹಾಕಿ ಹೇಳೂದು ನನ್ನ ಕೆಲಸ" ಎಂದು ವೈನಿ ಹೇಳಿ ಮುಗಿಸುವಷ್ಟರಲ್ಲಿ ಮಾತು ಮೆಣಸಿನಕಾಯಿ ದರಕ್ಕೆ ಹೊರಳಿರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಆಕೆಗೆ ಮಾತ್ರ ಬರುತ್ತಿರಲಿಲ್ಲ.

ನಾನು ಹಾವೇರಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ವಿಜ್ಞಾನವೆಂದರೆ ಅಷ್ಟಕ್ಕಷ್ಟೆ. ಆದರೂ ವೈನಿ ಬಿಡಿಸಿ ಹೇಳಿದ್ದು ನನ್ನಂಥವಳ ತಲೆಗೂ ಹತ್ತಿತ್ತು. ಬಂಡೆಯ ಮೇಲೆ ನಿಂತ ಮನೆ, ನಮ್ಮದರಂತೆ ಎರೆಮಣ್ಣಿನ ಮೇಲೆ ನಿಂತ ಮನೆ, ಒಂದೇ ಭೂಕಂಪಕ್ಕೆ ಎರಡೂ ಒಂದೇ ಥರ ಅಲುಗುವುದಿಲ್ಲ. ಮೆತ್ತನೆಯ ಮಣ್ಣು ನಡುಕವನ್ನು ಹೆಚ್ಚಿಸುತ್ತದೆ. ಎಷ್ಟು ಹೆಚ್ಚಿಸುತ್ತದೆ ಎಂದು ಮುಂಚೆಯೇ ಹೇಳುವ ಸೂತ್ರವೊಂದನ್ನು ಆಕೆ ವರ್ಷಗಟ್ಟಲೆ ಕೂತು ಕಟ್ಟಿದ್ದಳು. ಅದನ್ನು ಒರೆಗೆ ಹಚ್ಚಲು ಭೂಕಂಪಕ್ಕಾಗಿ ಕಾಯುತ್ತ ಕೂಡಲಾದೀತೇ? ಅದಕ್ಕೇ ರಾಣೆಬೆನ್ನೂರಿನ ದಾರಿಯ ಕಲ್ಲಿನ ಕ್ವಾರಿಯವರು ದೊಡ್ಡ ಮದ್ದು ಹಾರಿಸುವ ದಿನವನ್ನು ಕೇಳಿಕೊಂಡು ಬಂದಳು. ಕ್ವಾರಿಯ ಹತ್ತಿರದ ಬಂಡೆಯ ಮೇಲೆ ನಡುಕ ಅಳೆಯುವ ಒಂದು ಯಂತ್ರ, ನಮ್ಮ ಮನೆಯಲ್ಲಿ ಒಂದು. ಎರಡೂ ಕಡೆ ಯಂತ್ರ ಅಳೆದದ್ದು ಸೂತ್ರದ ಲೆಕ್ಕಕ್ಕೆ ಹೊಂದಿದರೆ ಪ್ರಬಂಧ ಮುಗಿದಂತೆ; ಕಾಲೇಜಿನಲ್ಲಿ ಸಿಗಲಿದ್ದ ಕೆಲಸವೂ ಅದನ್ನೇ ಕಾದಿತ್ತು. ಹೊಂದದಿದ್ದರೆ ಮಳೆಗಾಲ ಕಳೆದು ಮತ್ತೊಂದು ದೊಡ್ಡ ಸಿಡಿತ ಆಗುವವರೆಗೆ ಬಾಯಿಮುಚ್ಚಿಕೊಂಡು ಕಾಯಬೇಕು.

ಆ ದಿನ ಬೆಳಿಗ್ಗೆ ನಡುಮನೆಯ ಹಾಸುಗಲ್ಲೊಂದನ್ನು ಎಬ್ಬಿಸಿ, ಕೆಳಗಿನ ಮಣ್ಣನ್ನು ಬಿಗಿಯಾಗಿ ತಟ್ಟಿ, ಅದರ ಮೇಲೆ ಯಂತ್ರವನ್ನು ಕೂಡಿಸಿದಳು. "ಇದರ ಹತ್ರ ಯಾರೂ ಅಡ್ಡಾಡಬಾರ್ದು ನೋಡ್ರಿ ಅತ್ತಿ" ಎಂದು ಅವ್ವನಿಗೆ ಹೇಳಿದಳು. ಅವ್ವ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದಳೆಂದರೆ ಓಣಿಯ ಕೋಳಿಗಳಿಗೂ ಅಂದು ನಮ್ಮ ಅಂಗಳಕ್ಕೆ ಪ್ರವೇಶವಿರಲಿಲ್ಲ. ನಾನು ರಜೆ ಹಾಕಿ ವೈನಿಯ ಜೊತೆ ಕ್ವಾರಿಗೆ ಹೋಗಿದ್ದೆ. ಮದ್ದು ಹಾರಿದಾಗ ನಾನು ಕಿವಿ ಮುಚ್ಚಿ ಕುಳಿತರೆ, ಆಕೆ ಮದುವೆಯ ಮೆರವಣಿಗೆ ನೋಡುವವರ ಹಾಗೆ ನಗುತ್ತ ನಿಂತಿದ್ದಳು.

ಮನೆಗೆ ಬಂದಾಗ ಅವ್ವನೇ ಯಂತ್ರವನ್ನು ಸೆರಗಿನಿಂದ ಒರೆಸಿ ಬಾಗಿಲಿಗೆ ತಂದುಕೊಟ್ಟಳು. ಕಂಪ್ಯೂಟರಿಗೆ ಜೋಡಿಸಿ ನೋಡಿದರೆ ಎರಡೂ ಕಡೆಯ ಲೆಕ್ಕ ಸರಿಯಾಗಿ ಹೊಂದಿತ್ತು! ಪಿಎಚ್.ಡಿ. ಗೈಡಿಗೆ ಫೋನು ಹೋಯಿತು. ಅಣ್ಣ ಪೇಡೆ ತಂದ. ಅವ್ವ ಗೋದಿಹುಗ್ಗಿ ಮಾಡಿ, ಬಡಿಸುತ್ತ ಬಡಿಸುತ್ತ ಹೆಮ್ಮೆಯಿಂದ ಅಂದಳು:

"ನೀವು ಅದನ್ನ ಬರೀ ಮಣ್ಣಾಗ ಕುಂದ್ರಿಸಿ ಹೋಗಿದ್ರಿ. ಮನಿಗೆ ಬಂದದ್ದನ್ನ ಹಂಗ ಕುಂದ್ರಸ್ತಾರೇನವ್ವ? ನಾ ಕೌದಿ ಹಾಸಿ, ಅದರ ಮ್ಯಾಲ ಇಟ್ಟೆ."

ನಾನು ವೈನಿಯ ಮುಖ ನೋಡಿದೆ. ಯಂತ್ರ ನೆಲಕ್ಕೆ ಅಂಟಿ ಕೂತಿದ್ದರಷ್ಟೇ ನೆಲದ ನಡುಕ ಗೊತ್ತಾಗುವುದು. ಹಳೆಯ ಸೀರೆಗಳನ್ನು ಪದರ ಪದರ ಹೊಲಿದ ಅವ್ವನ ಕೌದಿ ಆ ನಡುಕದಲ್ಲಿ ಎಷ್ಟನ್ನು ನುಂಗಿತ್ತೋ ಯಾರು ಬಲ್ಲರು?

ವೈನಿ ತುತ್ತು ನುಂಗಿ ಕೇಳಿದಳು: "ಎಷ್ಟು ಮಡಿಕಿ ಹಾಕಿದ್ರಿ ಅತ್ತಿ?"

"ನಾಕು. ಮೆತ್ತಗಿರ್ಲಿ ಅಂತ."

ವೈನಿಗೆ ನಗು ತಡೆಯಲಾಗಲಿಲ್ಲ. ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡು ಉಂಡಳು. ಆಮೇಲೆ ಕೈತೊಳೆದು ಮತ್ತೆ ಗೈಡಿಗೆ ಫೋನು ಮಾಡಿದಳು. "ಮನಿ ರೀಡಿಂಗ್ ಕೈಬಿಡಬೇಕ್ರಿ ಸರ್. ಯಂತ್ರ ನೆಲದ ಮ್ಯಾಲ ಇರಲಿಲ್ಲ. ನಾ ಸರಿಯಾಗಿ ಹೇಳಿ ಹೋಗಬೇಕಿತ್ತು." ಅವ್ವನ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ. ಕಾಲೇಜಿನ ಕೆಲಸ ಆ ವರ್ಷ ಬೇರೆಯವರ ಪಾಲಾಯಿತು. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ಮನೆ ಎರಡಾಗುತ್ತಿತ್ತು.

ಮಳೆಗಾಲ ಮುಗಿದು ಕ್ವಾರಿಯಲ್ಲಿ ಮತ್ತೆ ಮದ್ದು ಹಾರಿತು. ಈ ಸಲ ಯಂತ್ರ ಮಣ್ಣಿನ ಮೇಲೆಯೇ ಕೂತಿತ್ತು. ವೈನಿಯ ಸೂತ್ರ ಹೇಳಿದ್ದಕ್ಕಿಂತ ನಮ್ಮ ನೆಲ ಎಷ್ಟೋ ಜೋರಾಗಿ ಅಲುಗಿತ್ತು. ಬಂಡೆಯ ಮೇಲಿನ ಲೆಕ್ಕ ಸರಿ, ಎರೆಮಣ್ಣಿನದು ತಪ್ಪು; ಹೋದ ಸಲ ಆ ಹೆಚ್ಚಿನ ನಡುಕವನ್ನು ಕೌದಿ ನುಂಗಿತ್ತು. ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

ಅಣ್ಣನಿಗೆ ತಡೆಯಲಾಗಲಿಲ್ಲ. ಒಳಗೆ ಅವ್ವನಿಗೆ ಕೇಳಬಾರದೆಂದು ದನಿ ತಗ್ಗಿಸಿ, "ಅದ ಮೊದಲಿನದನ್ನ ಇಟಗೊಂಡಿದ್ರ ಇಷ್ಟೊತ್ತಿಗೆ ಎಲ್ಲಾ ಮುಗಿದಿರ್ತಿತ್ತು. ಯಾರಿಗೆ ಗೊತ್ತಾಗ್ತಿತ್ತು?" ಎಂದ.

ವೈನಿ ತಲೆ ಎತ್ತಿ ನಡುಮನೆಯ ಮಣ್ಣಿನ ಗೋಡೆಯನ್ನು ನೋಡಿದಳು. "ಹಂಗ ಮಾಡಿದ್ರ ಎರಿಮಣ್ಣು ಇಷ್ಟು ಜೋರ ಅಲಗಂಗಿಲ್ಲ ಅಂತ ನಾ ಬರದು ಕೊಡ್ತಿದ್ದೆ. ಎಲ್ಲಾರೂ ನಂಬ್ತಿದ್ರು" ಎಂದಳು. ಆಮೇಲೆ ಮೆಲ್ಲಗೆ, "ಈ ಗ್ವಾಡಿ ಬುಡಕ ಮಲಗಾವ್ರು ಅತ್ತಿ, ಹೌದಲ್ರಿ?"

ಅಣ್ಣ ಎದ್ದು ಹೋಗಿ ಅವ್ವನ ಮಂಚವನ್ನು ಗೋಡೆಯಿಂದ ಈಚೆಗೆ ಎಳೆದ.